ಮಕ್ಕಳ ರಕ್ತದೊತ್ತಡ : ತೋಳಿನ ಅಳತೆ, ಹೃದಯದ ಹೊರೆ

ವೈದ್ಯರ ಬಳಿಗೆ ಹೋದವರೆಲ್ಲರಿಗೂ ಚಿರಪರಿಚಿತವಾದ ಒಂದು ಕ್ರಿಯೆಯುಂಟು. ತೋಳಿಗೆ ಬಟ್ಟೆಯ ಪಟ್ಟಿಯೊಂದನ್ನು ಸುತ್ತಿ, ಅದರೊಳಗಿನ ರಬ್ಬರಿನ ಚೀಲಕ್ಕೆ ಗಾಳಿ ತುಂಬಿ, ಅದನ್ನು ಮೆಲ್ಲಮೆಲ್ಲನೆ ಹೊರಬಿಡುತ್ತ ಎರಡು ಸಂಖ್ಯೆಗಳನ್ನು ಗುರುತು ಹಾಕಿಕೊಳ್ಳುವುದೇ ಆ ಕ್ರಿಯೆ. ಈ ಎರಡು ಸಂಖ್ಯೆಗಳನ್ನೇ ನಾವು ರಕ್ತದೊತ್ತಡವೆಂದೂ ಆಡುಮಾತಿನಲ್ಲಿ ‘ಬಿ.ಪಿ.’ ಎಂದೂ ಕರೆಯುತ್ತೇವೆ. ರಕ್ತದೊತ್ತಡದ ಚಿಂತೆ ವಯಸ್ಸಾದವರಿಗೆ ಸೇರಿದ್ದು, ಮಕ್ಕಳಿಗೂ ಅದಕ್ಕೂ ಸಂಬಂಧವಿಲ್ಲವೆಂಬ ನಂಬಿಕೆ ಬಹುಕಾಲ ಬೇರೂರಿತ್ತು. ಆ ನಂಬಿಕೆ ಸರಿಯಲ್ಲ. ಮೂತ್ರಪಿಂಡದ ದೋಷ, ಮಹಾಪಧಮನಿಯ ಜನ್ಮಜಾತ ಸಂಕುಚನ, ಅತಿಬೊಜ್ಜು ಮೊದಲಾದ ಕಾರಣಗಳಿಂದ ಎಳೆಯರಲ್ಲಿಯೂ ಒತ್ತಡವು ಏರಬಲ್ಲದು.

ಮಗುವಿನ ತೋಳಿನಲ್ಲಿ ಅಳೆದ ಸಂಖ್ಯೆಯು ಅದರ ಹೃದಯವು ಹೊರುತ್ತಿರುವ ಭಾರವನ್ನು ಯಥಾವತ್ತಾಗಿ ತಿಳಿಸುತ್ತದೆಯೆ? ಇಲ್ಲವಾದಲ್ಲಿ, ಆ ಭಾರವನ್ನು ದೇಹಕ್ಕೆ ಯಾವ ಗಾಯವನ್ನೂ ಮಾಡದೆ ಅರಿಯುವ ಬಗೆ ಯಾವುದು? ಈ ಎರಡು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಯುವಂತೆ ವಿವೇಚಿಸುವುದು ಈ ಲೇಖನದ ಉದ್ದೇಶ.

1. ಒತ್ತಡವೆಂದರೇನು?

ಹೃದಯದ ಎಡ ಹೃತ್ಕುಕ್ಷಿಯು ಸಂಕುಚಿಸಿದಾಗ ರಕ್ತವು ಮಹಾಪಧಮನಿಗೆ ನುಗ್ಗುತ್ತದೆ. ಆಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಗರಿಷ್ಠ ಒತ್ತಡವೇ ಸಂಕೋಚನ ಒತ್ತಡ. ಹೃದಯವು ವಿರಮಿಸಿ ಮತ್ತೆ ತುಂಬಿಕೊಳ್ಳುವಾಗ ಉಳಿಯುವ ಕನಿಷ್ಠ ಒತ್ತಡವೇ ವ್ಯಾಕೋಚನ ಒತ್ತಡ. ಇವೆರಡರ ವ್ಯತ್ಯಾಸಕ್ಕೆ ನಾಡಿಯೊತ್ತಡವೆಂದು ಹೆಸರು. ಇವುಗಳನ್ನು ಪಾದರಸದ ಸ್ತಂಭದ ಎತ್ತರದಿಂದ, ಎಂದರೆ ಮಿಲಿಮೀಟರುಗಳಲ್ಲಿ, ಹೇಳುವುದು ವಾಡಿಕೆ.

ಪಾದರಸವೇ ಏಕೆಂಬುದಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ. ಇಂಗ್ಲೆಂಡಿನ ಪಾದ್ರಿಯೂ ವಿಜ್ಞಾನಿಯೂ ಆಗಿದ್ದ ಸ್ಟೀಫನ್ ಹೇಲ್ಸನು 1733ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ತನ್ನ ಪ್ರಯೋಗವನ್ನು ವರ್ಣಿಸಿದನು. ಅವನು ಕುದುರೆಯೊಂದರ ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆಯನ್ನು ತೂರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಕೆಯನ್ನು ಜೋಡಿಸಿದಾಗ ರಕ್ತವು 8 ಅಡಿ 3 ಅಂಗುಲ ಮೇಲಕ್ಕೇರಿತು. ಇದು ಸುಮಾರು 251 ಸೆಂಟಿಮೀಟರು. ರಕ್ತವು ನೀರಿಗಿಂತ ತುಸು ಭಾರ, ಅದರ ಸಾಂದ್ರತೆ 1.06, ಪಾದರಸದ್ದು 13.6. ಹಾಗಾಗಿ ಅದೇ ಒತ್ತಡವು ಪಾದರಸವನ್ನು 251 × 1.06 ÷ 13.6, ಎಂದರೆ ಸುಮಾರು 19.6 ಸೆಂಟಿಮೀಟರು ಅಥವಾ 196 ಮಿಲಿಮೀಟರು ಮಾತ್ರ ಏರಿಸೀತು. ಆಳೆತ್ತರವನ್ನೂ ಮೀರಿದ ನಳಿಕೆಯ ಬದಲು ಮೇಜಿನ ಮೇಲಿಡಬಹುದಾದ ಉಪಕರಣ ಸಾಕಾಯಿತು. 1828ರಲ್ಲಿ ಫ್ರಾನ್ಸಿನ ಪ್ವಾಸೈ ಪಾದರಸದ ಮಾಪಕವನ್ನು ಈ ಕಾರ್ಯಕ್ಕೆ ಬಳಸಿದನು.

ಆದರೆ ಇವೆಲ್ಲವೂ ನಾಳವನ್ನು ಛೇದಿಸಿಯೇ ಮಾಡಬೇಕಾದ ಅಳತೆಗಳು. ಜೀವಂತ ಮನುಷ್ಯನಲ್ಲಿ, ಅದರಲ್ಲಿಯೂ ಮಗುವಿನಲ್ಲಿ, ಇವು ದಿನನಿತ್ಯಕ್ಕೆ ಸಲ್ಲುವಂಥವಲ್ಲ. ಚುಚ್ಚದೆ ಅಳೆಯುವ ಮಾರ್ಗವನ್ನು ಅರಸುವುದು ಅನಿವಾರ್ಯವಾಯಿತು.

2. ಚುಚ್ಚದೆ ಅಳೆಯುವ ಯತ್ನಗಳು

ಈ ಅರಸಾಟ ಎರಡು ದಾರಿಗಳಲ್ಲಿ ಸಾಗಿತು. ಒಂದು, ನಾಡಿಯ ಅಲೆಯ ಆಕಾರವನ್ನು ಬರೆದು ನೋಡುವ ದಾರಿ. ಇನ್ನೊಂದು, ಒತ್ತಡದ ಪ್ರಮಾಣವನ್ನು ಸಂಖ್ಯೆಯಲ್ಲಿ ಹೇಳುವ ದಾರಿ.

ಮೊದಲನೆಯ ದಾರಿಯಲ್ಲಿ 1860ರಲ್ಲಿ ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆಯು ಮಣಿಕಟ್ಟಿನ ನಾಡಿಯ ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಯಂತ್ರವನ್ನು ರಚಿಸಿದನು. ಅದನ್ನು ಸುಧಾರಿಸಿದವರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಫ್ರೆಡರಿಕ್ ಅಕ್ಬರ್ ಮಹಮದ್ ಅಗ್ರಗಣ್ಯನು. ಈತನ ಅಜ್ಜ ಶೇಖ್ ದೀನ್ ಮಹಮದ್ ಪಟ್ನಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ ನೆಲೆಸಿದವನು. ಮೊಮ್ಮಗನು ಏರೊತ್ತಡವುಳ್ಳವರ ನಾಡಿಯ ಗೆರೆಯು ಬೇರೆಯೇ ಆಕಾರವುಳ್ಳದ್ದೆಂದು ತೋರಿಸಿದನು. ಮೂತ್ರಪಿಂಡದ ರೋಗವಿಲ್ಲದವರಲ್ಲಿಯೂ ಒತ್ತಡವು ಏರಬಹುದೆಂಬುದನ್ನು ಗುರುತಿಸಿದನು. 1884ರಲ್ಲಿ, ಕೇವಲ 35ನೆಯ ವಯಸ್ಸಿನಲ್ಲಿ, ವಿಷಮಶೀತ ಜ್ವರಕ್ಕೆ ಬಲಿಯಾದನು.

ಎರಡನೆಯ ದಾರಿಯಲ್ಲಿ 1896ರಲ್ಲಿ ಇಟಲಿಯ ರಿವಾ ರೋಚಿ ತೋಳಿಗೆ ಗಾಳಿಪಟ್ಟಿಯನ್ನು ಸುತ್ತಿ, ಮಣಿಕಟ್ಟಿನ ನಾಡಿ ನಿಂತುಹೋಗುವ ಒತ್ತಡವನ್ನು ಓದುವ ಉಪಾಯವನ್ನು ಕಂಡುಹಿಡಿದನು. 1905ರಲ್ಲಿ ರಷ್ಯದ ನಿಕೊಲಾಯ್ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪನ್ನಿಟ್ಟು ಶಬ್ದಗಳನ್ನು ಆಲಿಸಿ, ಸಂಕೋಚನ ವ್ಯಾಕೋಚನಗಳೆರಡನ್ನೂ ತಿಳಿಯುವ ವಿಧಾನವನ್ನು ಕೊಟ್ಟನು. ಈ ವಿಧಾನ ಎಷ್ಟು ಸುಲಭವಾಗಿತ್ತೆಂದರೆ ಅದರ ಮುಂದೆ ಅಲೆಯ ಆಕಾರದ ಅಧ್ಯಯನ ಬಹುಮಟ್ಟಿಗೆ ಮರೆಯಾಯಿತು. ಎರಡು ಸಂಖ್ಯೆಗಳು ಉಳಿದವು, ಅಲೆ ಮರೆತುಹೋಯಿತು. ಅಂದು ಕೈಬಿಟ್ಟ ಆ ಅಲೆಯನ್ನು ಇಂದಿನ ಶಾಸ್ತ್ರವು ಮತ್ತೆ ಕೈಗೆತ್ತಿಕೊಂಡಿದೆ. ಅದರ ಕಾರಣವನ್ನು ಮುಂದೆ ನೋಡೋಣ.

3. ತೋಳು ಬೇರೆ, ಹೃದಯದ್ವಾರ ಬೇರೆ

ನೀರು ತುಂಬಿದ ಕಲ್ಯಾಣಿಯ ನಡುವೆ ಒಂದು ಕಲ್ಲನ್ನೆಸೆದರೆ ಅಲೆಗಳು ಹೊರಕ್ಕೆ ಹರಡಿ, ಮೆಟ್ಟಿಲುಗಳಿಗೆ ಬಡಿದು, ಹಿಂದಕ್ಕೆ ಬರುತ್ತವೆ. ಹೋಗುವ ಅಲೆಯೂ ಬರುವ ಅಲೆಯೂ ಮೆಟ್ಟಿಲಿನ ಬಳಿ ಒಂದರ ಮೇಲೊಂದು ಬಿದ್ದು ಅಲ್ಲಿ ನೀರು ಹೆಚ್ಚು ಎತ್ತರಕ್ಕೆ ಜಿಗಿಯುತ್ತದೆ. ದೇಹದಲ್ಲಿ ನಡೆಯುವುದೂ ಇದೇ. ಹೃದಯದಿಂದ ಹೊರಟ ಒತ್ತಡದ ಅಲೆಯು ನಾಳಗಳು ಕವಲೊಡೆದು ಕಿರಿದಾಗುವ ಸ್ಥಳಗಳಲ್ಲಿ ತಾಗಿ ಪ್ರತಿಫಲಿಸುತ್ತದೆ. ತೋಳು ಆ ಸ್ಥಳಗಳಿಗೆ ಸಮೀಪವಾಗಿರುವುದರಿಂದ ಮರಳುವ ಅಲೆಯು ತಕ್ಷಣವೇ ಸೇರಿಕೊಂಡು ಅಲೆಯ ಶಿಖರವನ್ನು ಎತ್ತರಿಸುತ್ತದೆ. ಇದಲ್ಲದೆ ಮಹಾಪಧಮನಿಯು ಬಹಳ ಹಿಗ್ಗುವಂಥದು. ತೋಳಿನ ನಾಳವು ಅಷ್ಟು ಹಿಗ್ಗದು. ಈ ಕಾರಣದಿಂದಲೂ ಹೃದಯದಿಂದ ದೂರ ಹೋದಂತೆ ಅಲೆಯು ಚೂಪಾಗುತ್ತದೆ.

ಪರಿಣಾಮವಾಗಿ, ಸರಾಸರಿ ಒತ್ತಡವೂ ವ್ಯಾಕೋಚನ ಒತ್ತಡವೂ ಮಹಾಪಧಮನಿಯಿಂದ ತೋಳಿನವರೆಗೆ ಹೆಚ್ಚೇನೂ ಬದಲಾಗುವುದಿಲ್ಲ. ಸಂಕೋಚನ ಒತ್ತಡ ಮಾತ್ರ ತೋಳಿನಲ್ಲಿ ಹೆಚ್ಚಾಗಿ ಕಾಣುತ್ತದೆ. ಹೃದಯವು ಎದುರಿಸಬೇಕಾದುದು ತನ್ನ ಬಾಗಿಲಿನಲ್ಲಿರುವ ಮಹಾಪಧಮನಿಯ ಒತ್ತಡವನ್ನೇ ಹೊರತು ತೋಳಿನ ಒತ್ತಡವನ್ನಲ್ಲ. ಮಹಾಪಧಮನಿಯ ಮೂಲದಲ್ಲಿರುವ ಈ ಒತ್ತಡಕ್ಕೆ ಕೇಂದ್ರೀಯ ರಕ್ತದೊತ್ತಡವೆಂದು ಹೆಸರು. ಹೃದಯದ ಸ್ನಾಯು ದಪ್ಪವಾಗುವುದು, ಮಿದುಳಿಗೂ ಮೂತ್ರಪಿಂಡಕ್ಕೂ ಪೆಟ್ಟು ತಗಲುವುದು ಮೊದಲಾದ ಹಾನಿಗಳನ್ನು ತಿಳಿಯಲು ಇದು ಹೆಚ್ಚು ಸಮೀಪದ ಸಾಕ್ಷಿಯಾಗಬೇಕೆಂಬುದು ಸಹಜವಾದ ತರ್ಕ.

ಈ ಅಂತರವು ಎಲ್ಲ ವಯಸ್ಸಿನಲ್ಲಿಯೂ ಒಂದೇ ಅಲ್ಲ. ಮೃದುವಾದ ನಾಳದಲ್ಲಿ ಅಲೆಯು ನಿಧಾನವಾಗಿ, ಗಡುಸಾದ ನಾಳದಲ್ಲಿ ವೇಗವಾಗಿ ಸಾಗುತ್ತದೆ. ಸೆಕೆಂಡಿಗೆ 5 ಮೀಟರು ಸಾಗುವ ಅಲೆಯು ಅರ್ಧ ಮೀಟರು ದೂರದಲ್ಲಿ ಪ್ರತಿಫಲಿಸಿ ಮರಳಲು 0.2 ಸೆಕೆಂಡು ಬೇಕು. 10 ಮೀಟರು ಸಾಗುವ ಅಲೆಗೆ 0.1 ಸೆಕೆಂಡು ಸಾಕು. ಯುವಕನಲ್ಲಿ ಮರಳಿದ ಅಲೆಯು ತಡವಾಗಿ, ಶಿಖರವು ದಾಟಿದ ಬಳಿಕ ಹೃದಯದ್ವಾರವನ್ನು ತಲುಪುತ್ತದೆ. ಹೃದಯಕ್ಕೆ ಹೊರೆಯಾಗುವುದರ ಬದಲು ಅದರ ವಿರಾಮಕಾಲದಲ್ಲಿ ಹೃದಯದ ಸ್ವಂತ ನಾಳಗಳಿಗೆ ರಕ್ತವನ್ನೂಡಲು ನೆರವಾಗುತ್ತದೆ. ವೃದ್ಧನಲ್ಲಿ ಅದು ಬೇಗನೆ ಮರಳಿ ಶಿಖರದ ಮೇಲೆಯೇ ಸವಾರಿ ಮಾಡುತ್ತದೆ. ಹೀಗಾಗಿ ವೃದ್ಧರಲ್ಲಿ ತೋಳಿನ ಒತ್ತಡಕ್ಕೂ ಕೇಂದ್ರೀಯ ಒತ್ತಡಕ್ಕೂ ಅಂತರ ಕಡಿಮೆ. ಎಳೆಯ ಪ್ರಾಯದವರಲ್ಲಿ ಅಂತರ ಹೆಚ್ಚು. ತೋಳಿನ ಸಂಖ್ಯೆಯನ್ನೇ ಹೃದಯದ ಸಂಖ್ಯೆಯೆಂದು ಭಾವಿಸಿದರೆ ಹೆಚ್ಚು ತಪ್ಪಾಗುವುದು ಎಳೆಯರ ವಿಷಯದಲ್ಲಿಯೇ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು.

4. ಕೇಂದ್ರೀಯ ಒತ್ತಡವನ್ನು ಹೊರಗಿನಿಂದ ತಿಳಿಯುವ ಬಗೆ

ಕೇಂದ್ರೀಯ ಒತ್ತಡವನ್ನು ನೇರವಾಗಿ ಅಳೆಯಬೇಕಾದರೆ ಕ್ಯಾಥಿಟರ್ ಎಂಬ ತೆಳ್ಳನೆಯ ನಳಿಕೆಯನ್ನು ರಕ್ತನಾಳದ ಮೂಲಕ ಮಹಾಪಧಮನಿಯವರೆಗೆ ಸಾಗಿಸಬೇಕು. ಹೃದ್ರೋಗದ ಚಿಕಿತ್ಸೆಗಾಗಿ ಅವಶ್ಯವಾದಾಗ ಇದನ್ನು ಮಾಡುತ್ತಾರೆ. ಆರೋಗ್ಯವಂತ ಮಗುವಿಗೆ ಕೇವಲ ಅಳತೆಗಾಗಿ ಹೀಗೆ ಮಾಡುವುದು ಧರ್ಮಸಮ್ಮತವಲ್ಲ. ಆದುದರಿಂದ ಹೊರಗಿನಿಂದ ಅಂದಾಜು ಮಾಡುವ ವಿಧಾನಗಳು ಬಂದವು. ಅವುಗಳಲ್ಲಿ ಮುಖ್ಯವಾದವು ಮೂರು.

(ಅ) ಕತ್ತಿನ ನಾಡಿಯ ವಿಧಾನ : ಕತ್ತಿನ ಅಪಧಮನಿಯು ಮಹಾಪಧಮನಿಗೆ ಸಮೀಪವಾದುದು, ಎರಡರ ಅಲೆಗಳೂ ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಟೋನೋಮೀಟರ್ ಎಂಬ ಲೇಖನಿಯಾಕಾರದ ಉಪಕರಣದ ತುದಿಯಲ್ಲಿ ಒತ್ತಡವನ್ನು ಗ್ರಹಿಸುವ ಸೂಕ್ಷ್ಮ ಸಾಧನವಿರುತ್ತದೆ. ಅದರಿಂದ ನಾಳವನ್ನು ಹದವಾಗಿ ಅದುಮಿ ಗೋಡೆಯನ್ನು ಚಪ್ಪಟೆಯಾಗಿಸಿದಾಗ, ಬಾಗಿದ ಗೋಡೆಯ ಬಿಗಿತವು ಅಡ್ಡಬರದೆ ಒಳಗಿನ ಒತ್ತಡವೇ ನೇರವಾಗಿ ಸಾಧನಕ್ಕೆ ತಲುಪುತ್ತದೆ. ಕಣ್ಣಿನ ವೈದ್ಯರು ಕಣ್ಣಿನೊಳಗಿನ ಒತ್ತಡವನ್ನು ಅಳೆಯುವುದೂ ಇಂಥದೇ ತತ್ತ್ವದಿಂದ.

(ಆ) ಮಣಿಕಟ್ಟಿನ ನಾಡಿಯ ವಿಧಾನ : ಮಣಿಕಟ್ಟಿನಲ್ಲಿ ನಾಳದ ಅಡಿಯಲ್ಲಿಯೇ ಗಟ್ಟಿಯಾದ ಮೂಳೆ ಇರುವುದರಿಂದ ಅಲೆಯನ್ನು ಹಿಡಿಯುವುದು ಸುಲಭ. ಆದರೆ ಇದು ಹೃದಯದಿಂದ ದೂರದ ಸ್ಥಳ. ಇಲ್ಲಿಯ ಅಲೆಯಿಂದ ಹೃದಯದ್ವಾರದ ಅಲೆಯನ್ನು ಹಿಂದಕ್ಕೆ ಲೆಕ್ಕಹಾಕಲು ಒಂದು ಗಣಿತಸೂತ್ರ ಬೇಕು. ವಯಸ್ಕ ರೋಗಿಗಳಲ್ಲಿ ಮಹಾಪಧಮನಿಯ ಅಲೆಯನ್ನೂ ಕೈಯ ಅಲೆಯನ್ನೂ ದಾಖಲಿಸಿ, ಒಂದು ಇನ್ನೊಂದಾಗಿ ಹೇಗೆ ಮಾರ್ಪಡುತ್ತದೆಂಬುದನ್ನು ಆಸ್ಟ್ರೇಲಿಯದ ಸಿಡ್ನಿಯಲ್ಲಿ ಮೈಕೇಲ್ ಓರೂರ್ಕ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. ಇಂತಹ ಸಂಬಂಧಕ್ಕೆ ವರ್ಗಾವಣಾ ಸೂತ್ರವೆಂದು ಕರೆಯಬಹುದು.

(ಇ) ತೋಳಪಟ್ಟಿಯ ವಿಧಾನ : ವಿದ್ಯುನ್ಮಾನ ಯಂತ್ರವು ಸಾಮಾನ್ಯ ತೋಳಪಟ್ಟಿಯಿಂದಲೇ ಅಲೆಯ ಸೂಕ್ಷ್ಮ ಕಂಪನಗಳನ್ನು ದಾಖಲಿಸಿ, ತನ್ನೊಳಗಿನ ಸೂತ್ರದಿಂದ ಕೇಂದ್ರೀಯ ಒತ್ತಡವನ್ನು ತಿಳಿಸುತ್ತದೆ. ಹೆಚ್ಚಿನ ಕೈಚಳಕ ಬೇಡದ ಕಾರಣ ಮಕ್ಕಳಿಗೆ ಇದು ಅತ್ಯಂತ ಅನುಕೂಲ. ಓಡಾಡುವಾಗಲೂ ನಿದ್ರಿಸುವಾಗಲೂ ಇಡೀ ದಿನ ಅಳೆಯಬಲ್ಲ ಯಂತ್ರಗಳೂ ಇವೆ.

5. ಒಂದು ಲೆಕ್ಕ

ಮೇಲಿನ ಮೊದಲ ವಿಧಾನವನ್ನು ಪ್ರೌಢಶಾಲೆಯ ಗಣಿತದಿಂದಲೇ ಅರಿಯಬಹುದು. ಒಬ್ಬ ಬಾಲಕನ ತೋಳಿನ ಒತ್ತಡವು 112/64 ಎಂದಿಟ್ಟುಕೊಳ್ಳೋಣ. ನಾಡಿಯೊತ್ತಡ 48. ಸರಾಸರಿ ಒತ್ತಡವನ್ನು ತಿಳಿಯಲು ವ್ಯಾಕೋಚನ ಒತ್ತಡಕ್ಕೆ ನಾಡಿಯೊತ್ತಡದ ಮೂರನೆಯ ಒಂದು ಭಾಗವನ್ನು ಕೂಡುವುದು ರೂಢಿ : 64 + 16 = 80.

ಕತ್ತಿನ ನಾಡಿಯ ಅಲೆಯನ್ನು ಚೌಕುಳಿ ಕಾಗದದ ಮೇಲೆ ಬರೆದಾಗ ಅಲೆಯ ಬುಡದಿಂದ ಅದರ ಸರಾಸರಿ ಎತ್ತರವು 8 ಮನೆಗಳೂ ಶಿಖರವು 18 ಮನೆಗಳೂ ಇವೆಯೆನ್ನೋಣ. ಸರಾಸರಿ ಒತ್ತಡವೂ ವ್ಯಾಕೋಚನ ಒತ್ತಡವೂ ಎರಡು ಸ್ಥಳಗಳಲ್ಲಿಯೂ ಒಂದೇ ಎಂದು ಒಪ್ಪಿದ್ದೇವಷ್ಟೆ. ಆದಕಾರಣ 8 ಮನೆಗಳು 16 ಮಿಲಿಮೀಟರಿಗೆ ಸಮ. ಒಂದು ಮನೆ 2 ಮಿಲಿಮೀಟರು. ಶಿಖರದ 18 ಮನೆಗಳು 36 ಮಿಲಿಮೀಟರು. ಕೇಂದ್ರೀಯ ಸಂಕೋಚನ ಒತ್ತಡ 64 + 36 = 100. ತೋಳಿನಲ್ಲಿ 112 ಇದ್ದುದು ಹೃದಯದ್ವಾರದಲ್ಲಿ 100 ಮಾತ್ರ.

ಈಗ ಅದೇ ಬಾಲಕನಿಗೆ ತೋಳಿನ ಗಾತ್ರಕ್ಕಿಂತ ಚಿಕ್ಕ ಪಟ್ಟಿಯನ್ನು ಕಟ್ಟಿ ಅಳೆದುದರಿಂದ 124/70 ಎಂಬ ತಪ್ಪು ಸಂಖ್ಯೆ ಬಂದಿತೆನ್ನೋಣ. ನಾಡಿಯೊತ್ತಡ 54; ಸರಾಸರಿ 70 + 18 = 88. ಕತ್ತಿನ ಅಲೆ ಮೊದಲಿನದೇ. 8 ಮನೆಗಳು 18 ಮಿಲಿಮೀಟರು. ಒಂದು ಮನೆ 2.25, 18 ಮನೆಗಳು 40.5. ಕೇಂದ್ರೀಯ ಒತ್ತಡ 110.5 ಎಂದಾಯಿತು! ಹೃದಯದಲ್ಲಿ ಏನೊಂದೂ ಬದಲಾಗಿಲ್ಲ; ಬದಲಾದುದು ಪಟ್ಟಿ ಮಾತ್ರ. ಯಂತ್ರವು ಎಷ್ಟೇ ಸೂಕ್ಷ್ಮವಾಗಿರಲಿ, ಅದರ ಅಳತೆಗೋಲು ತೋಳಪಟ್ಟಿಯೇ ಆಗಿರುವತನಕ ಪಟ್ಟಿಯ ದೋಷವು ಕೇಂದ್ರೀಯ ಒತ್ತಡದೊಳಗೂ ನುಸುಳುತ್ತದೆ. ಈ ಲೇಖನದಿಂದ ವಿದ್ಯಾರ್ಥಿಯು ಒಂದೇ ಅಂಶವನ್ನು ನೆನಪಿಡಬೇಕೆಂದರೆ ಅದು ಇದೇ ಆಗಿರಲಿ.

6. ಮಕ್ಕಳ ವಿಷಯದಲ್ಲಿ ಇರುವ ತೊಡಕು

ಮಗುವೆಂದರೆ ಚಿಕ್ಕ ಗಾತ್ರದ ವಯಸ್ಕನಲ್ಲ. ಅದರ ದೇಹ ಗಿಡ್ಡ, ಕೈ ಚಿಕ್ಕದು, ನಾಳಗಳು ಮೃದು, ಹೃದಯದ ಬಡಿತ ಶೀಘ್ರ. ಅಲೆಯು ಸಾಗಬೇಕಾದ ದೂರವೇ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುತ್ತದೆ. ಏಕತಾರಿಯ ತಂತಿಯನ್ನು ಬೆರಳಿನಿಂದ ಒತ್ತಿ ಚಿಕ್ಕದಾಗಿಸಿದರೆ ಸ್ವರವು ಏರುವಂತೆ, ಕೈಯ ಉದ್ದವು ಕಡಿಮೆಯಾದಾಗ ನಾಳವು ಹೆಚ್ಚು ವರ್ಧಿಸುವ ಕಂಪನವೂ ಬೇರೆಯಾಗುತ್ತದೆ. ವಯಸ್ಕರಿಂದ ಪಡೆದ ವರ್ಗಾವಣಾ ಸೂತ್ರವನ್ನು ಐದು ವರ್ಷದ ಮಗುವಿಗೆ ಅನ್ವಯಿಸುವುದು ಯುಕ್ತವೆ ಎಂಬ ಪ್ರಶ್ನೆ ಇದರಿಂದ ಏಳುತ್ತದೆ.

ಇದನ್ನು ಪರೀಕ್ಷಿಸಲು ಒಂದೇ ಮಾರ್ಗ : ಯಂತ್ರವು ಹೇಳಿದ ಸಂಖ್ಯೆಯನ್ನು ಕ್ಯಾಥಿಟರಿನ ನೇರ ಅಳತೆಯೊಡನೆ ಹೋಲಿಸುವುದು. ಆದರೆ ಹೃದಯದಲ್ಲಿ ದೋಷವಿದ್ದು ಚಿಕಿತ್ಸೆಗಾಗಿ ಬಂದ ಮಕ್ಕಳಲ್ಲಿ ಮಾತ್ರ ಅಂತಹ ಹೋಲಿಕೆ ಸಾಧ್ಯ. ಆದ್ದರಿಂದ ಪುರಾವೆಗಳು ವಿರಳ. ಆಸ್ಟ್ರೇಲಿಯದಲ್ಲಿ 3ರಿಂದ 18 ವರ್ಷದವರೆಗಿನ ಇಂತಹ ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೋಳಪಟ್ಟಿಯಿಂದ ಕೇಂದ್ರೀಯ ಒತ್ತಡವನ್ನು ಹೇಳುವ ಎರಡು ಯಂತ್ರಗಳನ್ನು ಪರೀಕ್ಷಿಸಲಾಯಿತು. ನಿಖರತೆಗೆ ಅಂಗೀಕೃತವಾದ ಮಿತಿಯೊಳಗೆ ಅವು ಬರಲಿಲ್ಲ. ವಿಧಾನವೇ ನಿರರ್ಥಕವೆಂದು ಇದರ ಅರ್ಥವಲ್ಲ. ವಯಸ್ಕರಿಗೆ ಹೊಲಿದ ಅಂಗಿಯನ್ನು ಮಗುವಿಗೆ ತೊಡಿಸಲಾಗದು, ಮಕ್ಕಳಿಗಾಗಿಯೇ ಅಳತೆ ತೆಗೆದು ಹೊಲಿಯಬೇಕೆಂದು ಅರ್ಥ.

7. ಎತ್ತರದ ಹುಡುಗನ ಸಮಸ್ಯೆ

ಇಷ್ಟೆಲ್ಲ ಸೂಕ್ಷ್ಮದ ಅವಶ್ಯಕತೆಯೇನೆಂದು ಕೇಳುವವರಿಗೆ ಒಂದು ನಿದರ್ಶನ ಸಾಕು. ಹದಿಹರೆಯದಲ್ಲಿ ಎತ್ತರವಾಗಿ ಬೆಳೆದ, ಆಟೋಟಗಳಲ್ಲಿ ಪಳಗಿದ ಕೆಲವು ಹುಡುಗರ ತೋಳಿನಲ್ಲಿ ಸಂಕೋಚನ ಒತ್ತಡ 140ನ್ನು ಮೀರುವುದುಂಟು. ವ್ಯಾಕೋಚನ ಒತ್ತಡ ಮಾತ್ರ ಸಹಜವಾಗಿರುತ್ತದೆ. ಇವರ ನಾಳಗಳು ಮೃದುವಾಗಿದ್ದು ಅಲೆಯ ವರ್ಧನೆ ಹೆಚ್ಚಾಗಿರುವುದರಿಂದ ಕೇಂದ್ರೀಯ ಒತ್ತಡವು ಸಹಜವಾಗಿಯೇ ಇರಬಹುದೆಂದು ಓರೂರ್ಕ್ ಮತ್ತು ಸಂಗಡಿಗರು 2000ದಲ್ಲಿ ವಾದಿಸಿ, ಇದನ್ನು ಹುಸಿ ಏರೊತ್ತಡವೆಂದು ಕರೆದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಇಂತಹವರಲ್ಲಿ ಕೆಲವರಿಗೆ ಕೇಂದ್ರೀಯ ಒತ್ತಡವೂ ಏರಿರುತ್ತದೆ, ಮುಂದೆ ನಿಜವಾದ ಏರೊತ್ತಡ ಬರಬಹುದು, ಆದ್ದರಿಂದ ಅಲಕ್ಷ್ಯ ಸಲ್ಲದು ಎಂಬುದು ಪ್ರತಿವಾದ.

ಈ ವಾದಪ್ರತಿವಾದಗಳ ನಡುವೆ ನಿಂತಿರುವವನು ಒಬ್ಬ ಹುಡುಗ. ಅವನು ನಿರೋಗಿಯಾಗಿದ್ದರೆ, ಬಾಳಿಡೀ ‘ರೋಗಿ’ ಎಂಬ ಹಣೆಪಟ್ಟಿಯನ್ನೂ ಬೇಡದ ಔಷಧಿಯನ್ನೂ ಆಟದ ಬಯಲಿನಿಂದ ಬಹಿಷ್ಕಾರವನ್ನೂ ಅವನ ಮೇಲೆ ಹೊರಿಸುವುದು ಅನ್ಯಾಯ. ಅವನು ನಿಜವಾಗಿ ರೋಗಿಯಾಗಿದ್ದರೆ, ‘ಹುಡುಗನಲ್ಲವೆ, ಹೆದರಿಕೆಯಿಂದ ಏರಿದೆ’ ಎಂದು ಬಿಟ್ಟುಬಿಡುವುದು ಅದಕ್ಕಿಂತಲೂ ದೊಡ್ಡ ಅನ್ಯಾಯ. ಕೇಂದ್ರೀಯ ಒತ್ತಡದ ನಂಬಲರ್ಹವಾದ ಅಳತೆಯೊಂದು ದೊರೆತರೆ ಈ ಇಬ್ಬರನ್ನೂ ಬೇರ್ಪಡಿಸಲು ನೆರವಾದೀತು. ಅದು ಕೈಸೇರುವತನಕ ಇಡೀ ದಿನದ ಒತ್ತಡ ದಾಖಲೆ, ಧ್ವನಿತರಂಗಗಳಿಂದ ಹೃದಯದ ಸ್ನಾಯುವಿನ ದಪ್ಪವನ್ನು ನೋಡುವ ಪರೀಕ್ಷೆ ಮೊದಲಾದವುಗಳನ್ನು ಒಟ್ಟಿಗೆ ತೂಗಿ ವೈದ್ಯರು ನಿರ್ಣಯಿಸಬೇಕಾಗುತ್ತದೆ.

8. ಪಾಲಕರೂ ಶಿಕ್ಷಕರೂ ತಿಳಿದಿರಬೇಕಾದುದು

ಕೇಂದ್ರೀಯ ಒತ್ತಡದ ಯಂತ್ರಗಳು ನಮ್ಮ ಊರಿನ ಚಿಕಿತ್ಸಾಲಯಗಳಿಗೆ ಬರುವ ಮೊದಲೇ ನಾವು ಮಾಡಬಹುದಾದುದು ಬಹಳವಿದೆ. ಎಲ್ಲ ಲೆಕ್ಕಗಳಿಗೂ ಬುನಾದಿಯಾದ ತೋಳಿನ ಅಳತೆಯನ್ನು ಶುದ್ಧವಾಗಿ ಮಾಡಿಸುವುದೇ ಅದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2017ರಲ್ಲಿ ನೀಡಿದ ಮಾರ್ಗಸೂತ್ರಗಳ ಮುಖ್ಯಾಂಶಗಳು ಇಲ್ಲಿ ಉಪಯುಕ್ತವಾಗಿವೆ.

(1) ಮೂರು ವರ್ಷ ತುಂಬಿದ ಮಕ್ಕಳಿಗೆ ವರ್ಷಕ್ಕೊಮ್ಮೆ ಒತ್ತಡವನ್ನು ಅಳೆಯಬೇಕು.

(2) ಪಟ್ಟಿಯೊಳಗಿನ ಚೀಲದ ಅಗಲವು ತೋಳಿನ ಸುತ್ತಳತೆಯ ಕನಿಷ್ಠ 40 ಭಾಗದಷ್ಟೂ ಉದ್ದವು 80ರಿಂದ 100 ಭಾಗದಷ್ಟೂ ಇರಬೇಕು (ಸುತ್ತಳತೆಯನ್ನು 100 ಭಾಗವೆಂದು ಎಣಿಸಿ). ತೋಳಿನ ಸುತ್ತಳತೆ 20 ಸೆಂಟಿಮೀಟರು ಇದ್ದರೆ ಚೀಲದ ಅಗಲ 8 ಸೆಂಟಿಮೀಟರು, ಉದ್ದ 16ರಿಂದ 20 ಸೆಂಟಿಮೀಟರು. ದೊಡ್ಡವರ ಪಟ್ಟಿಯನ್ನು ಚಿಕ್ಕ ಮಗುವಿಗೆ ಕಟ್ಟಿದರೆ ಒತ್ತಡ ಕಡಿಮೆ ಕಾಣುತ್ತದೆ; ಸ್ಥೂಲಕಾಯದ ಹುಡುಗನಿಗೆ ಚಿಕ್ಕ ಪಟ್ಟಿಯನ್ನು ಕಟ್ಟಿದರೆ ಹೆಚ್ಚು ಕಾಣುತ್ತದೆ.

(3) ಮಗುವು ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ, 3ರಿಂದ 5 ನಿಮಿಷ ಶಾಂತವಾಗಿ ಕುಳಿತಿರಬೇಕು. ಆಟದ ಬಯಲಿನಿಂದ ಓಡಿಬಂದ ಹುಡುಗನನ್ನು ಸಾಲಿನಲ್ಲಿ ನಿಲ್ಲಿಸಿ ಅಳೆದ ಸಂಖ್ಯೆಗೆ ಬೆಲೆಯಿಲ್ಲ.

(4) ಬಲತೋಳನ್ನು ಹೃದಯದ ಮಟ್ಟದಲ್ಲಿ ಆಧರಿಸಿ ಇಡಬೇಕು. ತೋಳು ಹೃದಯಕ್ಕಿಂತ 10 ಸೆಂಟಿಮೀಟರು ಕೆಳಗಿದ್ದರೆ, ಅಷ್ಟು ಎತ್ತರದ ರಕ್ತದ ಭಾರವೇ ಸುಮಾರು 8 ಮಿಲಿಮೀಟರು ಹೆಚ್ಚಿಸುತ್ತದೆ. ಹೇಲ್ಸನ ನಳಿಕೆಯ ಲೆಕ್ಕವನ್ನೇ ಇಲ್ಲಿಗೂ ಹಚ್ಚಿ ವಿದ್ಯಾರ್ಥಿಗಳು ಇದನ್ನು ಸ್ವತಃ ಸಾಧಿಸಿ ನೋಡಬಹುದು.

(5) ಹದಿಮೂರು ವರ್ಷಕ್ಕಿಂತ ಕಿರಿಯರಲ್ಲಿ ಒಂದೇ ಸಂಖ್ಯೆ ಎಲ್ಲರಿಗೂ ಗಡಿಯಲ್ಲ. ವಯಸ್ಸು, ಲಿಂಗ, ಎತ್ತರಗಳಿಗೆ ಅನುಸಾರವಾದ ಕೋಷ್ಟಕವನ್ನು ನೋಡಬೇಕು. ಹದಿಮೂರು ತುಂಬಿದವರಲ್ಲಿ 130/80 ಅಥವಾ ಅದಕ್ಕೂ ಮೇಲ್ಪಟ್ಟುದು ಏರೊತ್ತಡ.

(6) ಒಂದು ದಿನದ ಒಂದು ಅಳತೆಯಿಂದ ಯಾವ ಮಗುವನ್ನೂ ರೋಗಿಯೆಂದು ಹೇಳಬಾರದು. ಬೇರೆ ಬೇರೆ ಮೂರು ಭೇಟಿಗಳಲ್ಲಿ ಏರಿಕೆಯು ಕಂಡುಬಂದರೆ ಮಾತ್ರ ನಿರ್ಣಯಕ್ಕೆ ಬರತಕ್ಕದ್ದು. ತೋಳಿನಲ್ಲಿ ಹೆಚ್ಚಾಗಿದ್ದು ಕಾಲಿನಲ್ಲಿ ಕಡಿಮೆಯಿದ್ದರೆ ಮಹಾಪಧಮನಿಯ ಸಂಕುಚನವನ್ನು ಶಂಕಿಸಿ ತಡಮಾಡದೆ ತಜ್ಞರಲ್ಲಿಗೆ ಕರೆದೊಯ್ಯಬೇಕು.

ಉಪಸಂಹಾರ

ಕುದುರೆಯ ನಾಳಕ್ಕೆ ಕೊಳವೆ ತೂರಿಸಿದ ಕಾಲದಿಂದ ಚರ್ಮದ ಮೇಲೆ ಲೇಖನಿಯಂಥ ಸಾಧನವನ್ನಿಟ್ಟು ಹೃದಯದ್ವಾರದ ಒತ್ತಡವನ್ನು ಊಹಿಸುವ ಕಾಲದವರೆಗೆ ವಿಜ್ಞಾನವು ಸುಮಾರು ಮೂರು ಶತಮಾನಗಳ ಹಾದಿಯನ್ನು ಸವೆಸಿದೆ. ನೋವುಮಾಡದೆ ತಿಳಿಯಬೇಕೆಂಬ ಕರುಣೆಯೂ ತಿಳಿದುದು ಸತ್ಯವಾಗಿರಬೇಕೆಂಬ ನಿಷ್ಠೆಯೂ ಈ ಹಾದಿಯಲ್ಲಿ ಜೊತೆಯಾಗಿ ನಡೆದುಬಂದಿವೆ. ಮಕ್ಕಳ ಕೇಂದ್ರೀಯ ರಕ್ತದೊತ್ತಡದ ವಿಷಯದಲ್ಲಿ ಮೊದಲನೆಯದು ಬಹುಪಾಲು ಕೈಗೂಡಿದೆ. ಎರಡನೆಯದು ಇನ್ನೂ ಸಾಧಿಸಬೇಕಾಗಿದೆ. ಸಂಖ್ಯೆಯೊಂದು ಕೈಗೆ ಬಂದೊಡನೆ ಅದನ್ನು ಸತ್ಯವೆಂದು ಒಪ್ಪದೆ, ಅದು ಎಲ್ಲಿ ಅಳೆದುದು, ಯಾವುದರಿಂದ ಅಳೆದುದು, ಯಾರಿಗಾಗಿ ಮಾಡಿದ ಸೂತ್ರದಿಂದ ಬಂದುದು ಎಂದು ಕೇಳುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಈಗಿನಿಂದಲೇ ಬೆಳೆಸಿಕೊಳ್ಳಲಿ. ಅವರಲ್ಲಿ ಯಾರಾದರೊಬ್ಬರು ಮುಂದೆ ವೈದ್ಯರೋ ಯಂತ್ರಶಿಲ್ಪಿಗಳೋ ಗಣಿತಜ್ಞರೋ ಆಗಿ, ಮಕ್ಕಳಿಗೆ ಒಪ್ಪುವ ಅಳತೆಯನ್ನು ಸಿದ್ಧಪಡಿಸಿದರೆ ಅದಕ್ಕಿಂತ ಹಿರಿದಾದ ಸಾರ್ಥಕತೆ ಮತ್ತೊಂದಿಲ್ಲ.